ಕುದುರೆಯಾದ ಜಟ್ಟಿ

"ಗುರುಗಳೇ, ಪತ್ರಿಕೆಯವರ ಬಾಯಿ ಕಟ್ಟಬಾರದು ಎನ್ನುತ್ತೀರಿ. ಹೆಸರು ಮಾಡಿದವರ ಮನೆಯೊಳಗೆ ಇಣುಕಬಾರದು ಎಂದೂ ಹೇಳುತ್ತೀರಿ. ಎರಡೂ ಒಟ್ಟಿಗೆ ಹೇಗೆ ಸಾಧ್ಯ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಒಳ್ಳೇ ಪೇಚಿಗೆ ಸಿಕ್ಕಿಸಿದೆಯಲ್ಲೋ! ಕೂತುಕೋ, ಹೇಳುತ್ತೇನೆ.

"ಒಂದು ಊರಿನಲ್ಲಿ ಒಬ್ಬ ಜಟ್ಟಿ ಇದ್ದ. ಅವನ ಬೆನ್ನಿಗೆ ಮಣ್ಣು ಮುಟ್ಟಿಸಿದವರು ಯಾರೂ ಇರಲಿಲ್ಲ. ಅದೇ ಊರಿನಲ್ಲಿ ಒಬ್ಬ ಡಂಗುರದವನಿದ್ದ. ತಮಟೆ ಬಾರಿಸಿ ಸುದ್ದಿ ಸಾರುವುದು ಅವನ ಕೆಲಸ. ಒಂದು ಸಂಜೆ ಅವನು ಜಟ್ಟಿಯ ಮನೆಯ ಕಿಟಕಿಯಲ್ಲಿ ಇಣುಕಿದ. ಜಟ್ಟಿ ಮೊಣಕಾಲೂರಿ ನಡೆಯುತ್ತಿದ್ದ. ಬೆನ್ನ ಮೇಲೆ ಪುಟ್ಟ ಮಗಳು. ಅಷ್ಟು ದೊಡ್ಡ ಆಸಾಮಿ ಕುದುರೆಯಂತೆ ಕೆನೆಯುತ್ತಿದ್ದ! ಸರಿ, ಬೆಳಗಾಗುತ್ತಲೇ ಊರಿಗೆಲ್ಲ ಡಂಗುರ. ಕೆರೆ ಏರಿ ಬಿರುಕು ಬಿಟ್ಟಿದೆ ಎಂದು ಸಾರಿದಾಗಲೂ ಅಷ್ಟು ಜನ ಸೇರಿರಲಿಲ್ಲ. ಜನ ಸೇರಿದ್ದೇ ಸುದ್ದಿ ಎಂದುಕೊಂಡ ಆ ಮಹರಾಯ.

"ಜಟ್ಟಿ ಬೀದಿಗಿಳಿದರೆ ಜನ ಕೆನೆಯತೊಡಗಿದರು. ಅದನ್ನು ಅವನು ಸಹಿಸಿಕೊಂಡ. ಆದರೆ ಮಗಳು ನಾಚಿಕೊಂಡು ಬೆನ್ನೇರುವುದನ್ನೇ ಬಿಟ್ಟಳು. ಇದನ್ನು ಮಾತ್ರ ಅವನು ಸಹಿಸಲಿಲ್ಲ. ಊರಿನ ಯಜಮಾನನ ಬಳಿ ಹೋಗಿ, 'ಆ ತಮಟೆ ಹರಿದು ಹಾಕಿಸಿ' ಎಂದ.

"ಯಜಮಾನ ಹೇಳಿದ: 'ಹಿಂದೆ ನಾನು ಊರ ದಾರಿ ನುಂಗಿ ಗೋಡೆ ಕಟ್ಟಿಸಿದ್ದೆ. ಈ ಡಂಗುರದವನು ಅದನ್ನು ಸಾರಿಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಆದರೂ ದಾರಿ ಜನಕ್ಕೆ ವಾಪಸು ಸಿಕ್ಕಿತು. ತಮಟೆ ಮಾತ್ರ ಮುಟ್ಟಲಾರೆ.' ಆಮೇಲೆ ಡಂಗುರದವನನ್ನು ಕರೆಸಿ ಕೇಳಿದ. 'ದಾರಿಯ ವಿಷಯ ನೀನು ಸಾರದಿದ್ದರೆ ಊರಿಗೆ ನಷ್ಟ. ಈ ಕುದುರೆಯಾಟ ಸಾರದಿದ್ದರೆ ಯಾರಿಗಪ್ಪಾ ನಷ್ಟ?'

"ಡಂಗುರದವನು ತಲೆ ಕೆರೆದುಕೊಂಡ. 'ಯಾರಿಗೂ ಇಲ್ಲ. ಸಾರಿದ್ದರಿಂದ ಆ ಮಗುವಿಗಾಯಿತು. ಆದರೆ ನಾಳೆ ಈ ಜಟ್ಟಿ ಲಂಚ ತಿಂದು ಕುಸ್ತಿಯಲ್ಲಿ ಬೇಕೆಂದೇ ಸೋತರೆ?'

"'ಧಾರಾಳವಾಗಿ ಸಾರು. ನಾನೇ ಮುಂದೆ ನಿಂತು ಕೇಳುತ್ತೇನೆ. ಮನೆಯೊಳಗೆ ಇಣುಕಿ ಸಾರಿದ್ದು ಮಾತ್ರ ತಪ್ಪು' ಎಂದು ಯಜಮಾನ ತೀರ್ಪು ಕೊಟ್ಟ. ಜಟ್ಟಿಯೂ ಒಪ್ಪಿದ.

"ಆ ಊರಿನಲ್ಲಿ ತೀರ್ಪುಗಳನ್ನೂ ಡಂಗುರದವನೇ ಸಾರಬೇಕು. ಹಾಗಾಗಿ ತನ್ನ ತಪ್ಪನ್ನು ತಾನೇ ತಮಟೆ ಬಾರಿಸಿ ಬೀದಿ ಬೀದಿಯಲ್ಲಿ ಸಾರಿದ. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು, ಅವನೂ ನಕ್ಕ. ಜಟ್ಟಿಯ ಮಗಳಂತೂ ಚಪ್ಪಾಳೆ ತಟ್ಟಿ ಕುಣಿದಳು. ಅಪ್ಪನ ಕೈ ಹಿಡಿದು ಮನೆಯೊಳಕ್ಕೆ ಎಳೆದುಕೊಂಡು ಹೋದಳು."

ಶಿಷ್ಯ ಆಸೆಯಿಂದ ಮುಂದೆ ಸರಿದ. "ಆಮೇಲೆ? ಒಳಗೆ ಹೋಗಿ ಜಟ್ಟಿ ಮತ್ತೆ ಕುದುರೆಯಾದನೇ?"

ಗುರುಗಳೆಂದರು: "ಬಾಗಿಲು ಹಾಕಿಕೊಂಡರಪ್ಪಾ, ನನಗೇನು ಗೊತ್ತು?"