ಐದು ನಿಮಿಷ ಮುಂದಿದ್ದ ಕೈಗಡಿಯಾರ

ಹೆಡ್‌ಮಾಸ್ಟರ್ ಶಾಂತವೀರಯ್ಯನವರು ತಮ್ಮ ಕೈಗಡಿಯಾರವನ್ನು ಐದು ನಿಮಿಷ ಮುಂದಿಟ್ಟಿದ್ದರು. ಯಾವುದಕ್ಕೂ ತಡವಾಗಬಾರದೆಂದು ಕೆಲಸಕ್ಕೆ ಸೇರಿದ ದಿನವೇ ಮಾಡಿಕೊಂಡ ಏರ್ಪಾಡು. ಶಾಲೆಯ ಗಂಟೆಯೂ ಅದರಂತೆಯೇ ಹೊಡೆಯಬೇಕು. ಬರಬರುತ್ತಾ ಅವರಿಗೆ ಅದೇ ನಿಜವಾದ ಹೊತ್ತಾಗಿಬಿಟ್ಟಿತ್ತು.

ಗಂಟೆ ಹೊಡೆಯುತ್ತಿದ್ದವಳು ತಿಪ್ಪಮ್ಮ. ಅಂದು ಅವಳ ಕೆಲಸದ ಕೊನೆಯ ದಿನ. "ಏನು ಬೇಕು ಕೇಳು" ಎಂದರು ಮೇಷ್ಟ್ರು.

"ಮಕ್ಕಳಿಗೆ ತೋರಿಸ್ತೀರಲ್ಲ, ಆ ಯಂತ್ರದಾಗೆ ಒಂದ್ಸಲ ಶನಿದೇವ್ರನ್ನ ತೋರ್ಸಿ ಸಾರ್."

"ಶನಿಯೆಂದರೆ ಹೆದರಿಕೆಯಿಲ್ಲವೇ?"

"ಮೂವತ್ತು ವರ್ಷ ನಿಮ್ಮ ಕೈಕೆಳಗೆ ಗೇದೋಳಿಗೆ ಶನಿ ಏನ್ ಮಾಡ್ಯಾನು!"

ಸುತ್ತ ನಿಂತಿದ್ದ ಮಕ್ಕಳು ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ.

ಸಂಜೆ ಮೈದಾನದಲ್ಲಿ ದೂರದರ್ಶಕ ನಿಂತಿತು. ಊರು ಮತ್ತು ಹೊತ್ತನ್ನು ಗುಂಡಿ ಒತ್ತಿ ತಿಳಿಸಿದರೆ ಬೇಕಾದ ಗ್ರಹದತ್ತ ತಾನೇ ತಿರುಗುವ ಯಂತ್ರ ಅದು. ತೆಳುಮೋಡದಿಂದಾಗಿ ಶನಿ ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ಮೇಷ್ಟ್ರು ಕೈಗಡಿಯಾರ ನೋಡಿ ಹೊತ್ತು ತುಂಬಿದರು. ಯಂತ್ರ ಗುಂಯ್ ಎಂದು ತಿರುಗಿ ನಿಂತಿತು. ಕಣ್ಣಿಟ್ಟರೆ ಬರೀ ಕತ್ತಲು. ಯಂತ್ರದ ಕಾಲುಗಳ ಮಟ್ಟ ನೋಡಿದರು, ಉತ್ತರ ದಿಕ್ಕು ನೋಡಿದರು, ವೈರು ಕಿತ್ತು ಮತ್ತೆ ಸಿಕ್ಕಿಸಿದರು. ಆಗಲೂ ಕತ್ತಲೇ.

"ಯಂತ್ರ ಕೆಟ್ಟಿದೆ" ಎಂದರು. ಕೈಗಡಿಯಾರದಲ್ಲಿ ಏಳೂಕಾಲು, ತಿಪ್ಪಮ್ಮನ ಊರಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತು. "ಹೊರಡು ತಿಪ್ಪಮ್ಮ, ಬಸ್ಸು ತಪ್ಪೀತು." ಯಾವತ್ತೂ ಇಲ್ಲದಂತೆ ಅವರ ದನಿ ಇಳಿದಿತ್ತು.

ತಿಪ್ಪಮ್ಮ ಗಂಟು ಎತ್ತಿಕೊಳ್ಳಲಿಲ್ಲ. ಹತ್ತಿರ ಬಂದು, ಮಕ್ಕಳಿಗೆ ಕೇಳಿಸದ ಹಾಗೆ ಹೇಳಿದಳು: "ಇನ್ನೂ ಐದು ನಿಮಿಷ ಐತೆ ಸಾರ್. ಗಂಟೆನೇನೋ ನಿಮ್ಮ ಗಡಿಯಾರ ನೋಡಿ ಹೊಡೆದೆ. ಬಸ್ಸು ಮಾತ್ರ ಬಸ್ಸಿನ ಟೈಮಿಗೇ ಹಿಡಿದೆ."

ಮೇಷ್ಟ್ರು ಕೈಗಡಿಯಾರದತ್ತ ನೋಡಿ, ಯಂತ್ರದತ್ತ ನೋಡಿದರು. ಸದ್ದಿಲ್ಲದೆ ಹೊತ್ತು ತಿದ್ದಿ, ಯಂತ್ರ ಸರಿಹೋಯಿತು ಎಂದುಬಿಡಬಹುದಿತ್ತು. ಆದರೆ ಎರಡು ನಿಮಿಷ ತಡವೆಂದು ತಾವು ಗೇಟಿನಾಚೆ ನಿಲ್ಲಿಸಿದ್ದ ಮುಖಗಳೇ ಎದುರಿಗಿದ್ದವು.

"ಮಕ್ಕಳೇ, ಯಂತ್ರ ಕೆಟ್ಟಿಲ್ಲ. ನಾನು ಅದಕ್ಕೆ ತಪ್ಪು ಹೊತ್ತು ಹೇಳಿದೆ. ನಿಮಗೂ ಇಷ್ಟು ದಿನ ತಪ್ಪು ಹೊತ್ತನ್ನೇ ಹೇಳಿದ್ದೇನೆ."

ಹೊತ್ತು ತಿದ್ದಿದರು. ಯಂತ್ರ ಇಷ್ಟೇ ಇಷ್ಟು ಸರಿಯಿತು. ತಿಪ್ಪಮ್ಮ ಕಣ್ಣಿಟ್ಟಳು.

"ಅಯ್ಯ, ಬಳೆ ತೊಟ್ಕಂಡವ್ನೆ ಸಾರ್!"

ಬಸ್ಸಿನ ಹಾರ್ನ್ ಕೇಳುವವರೆಗೂ ಅವಳು ಕಣ್ಣು ತೆಗೆಯಲಿಲ್ಲ. ಆಮೇಲೆ ಮೇಷ್ಟ್ರೇ ಅವಳ ಗಂಟು ಎತ್ತಿಕೊಂಡು ಬಸ್ಸಿನವರೆಗೆ ನಡೆದರು.

ನೀತಿ: ನಮ್ಮ ಅನುಕೂಲಕ್ಕೆ ಮಾಡಿಕೊಂಡ ಅಳತೆಯನ್ನೇ ಸತ್ಯವೆಂದು ನಂಬಿದರೆ ಉಳಿದವರೆಲ್ಲ ತಪ್ಪಾಗಿ ಕಾಣುತ್ತಾರೆ. ಇನ್ನೊಬ್ಬರಲ್ಲಿ ದೋಷ ಹುಡುಕುವ ಮೊದಲು ನಮ್ಮ ಗಡಿಯಾರ ನೋಡಿಕೊಳ್ಳಬೇಕು. ತಪ್ಪಿದ್ದರೆ ಎಲ್ಲರೆದುರಿಗೇ ತಿದ್ದಿಕೊಳ್ಳಬೇಕು.