ಟೋಪಿಯವಳ ಹೊಲ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ಹೆಸರಿರಲಿಲ್ಲ, ಊರುಗಳಿಗೂ ಹೆಸರಿರಲಿಲ್ಲ. ಟಿಟ್ಟಿಭ ಹಕ್ಕಿಯ ತಲೆಯಂತೂ ಬೋಳುಬೋಳು.

ಕಡಲಾಚೆ, ಗೇಲಿಕ್ ಮಾತಾಡುವ ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಶೋನಾಗ್ ಎಂಬ ಹೆಂಗಸಿದ್ದಳು. ಒಂದೊಂದೇ ಕಲ್ಲನ್ನು ಎತ್ತಿಹಾಕಿ, ಗುಡ್ಡದ ಬದಿಯಲ್ಲಿ ಹೊಲ ಮಾಡಿದ್ದಳು. ಬಿತ್ತಲು ಇದ್ದದ್ದು ಒಂದೇ ಚೀಲ ಬಾರ್ಲಿ. ಅದು ಬೆಳೆದರೆ ಚಳಿಗಾಲಕ್ಕೆ ರೊಟ್ಟಿ, ಇಲ್ಲದಿದ್ದರೆ ಇಲ್ಲ.

"ನಾನೂ ಕೈಜೋಡಿಸಲೇನಮ್ಮಾ?" ಎಂದ ಪಕ್ಕದ ಹೊಲದ ಲಾಖ್ಲನ್ ಅಜ್ಜ.

"ಬೇಡಜ್ಜ. ನನಗೆ ಯಾರ ಹಂಗೂ ಬೇಡ."

ಉಳುತ್ತಾ ಉಳುತ್ತಾ ನಡುಹೊಲಕ್ಕೆ ಬಂದರೆ, ಬರಿನೆಲದಲ್ಲಿ ಟಿಟ್ಟಿಭವೊಂದು ನಾಲ್ಕು ಮೊಟ್ಟೆಗಳ ಮೇಲೆ ಕೂತಿತ್ತು.

"ಏಳೇ, ನೇಗಿಲು ಬಂತು."

"ಏಳೋದಿಲ್ಲ ಅಕ್ಕಾ. ಬೇಕಾದರೆ ನನ್ನ ಮೇಲೇ ನೇಗಿಲು ಹೊಡಿ."

ಶೋನಾಗ್ ದಿಟ್ಟಿಸಿ ನೋಡಿದಳು. ತನಗಿಂತ ಹಟಮಾರಿಯನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ. ಕಂಬಳಿಯಷ್ಟಗಲ ನೆಲ ಬಿಟ್ಟು, ಸುತ್ತ ಉತ್ತಳು.

ಗಾಳಿ ನಕ್ಕಿತು. "ಜಾಣೆ ಕಣೇ ನೀನು. ಅಷ್ಟು ಬಾರ್ಲಿ ಹಕ್ಕಿಯ ಪಾಲು."

"ನಿನ್ನ ಕೆಲಸ ನೋಡಿಕೊ," ಎಂದಳು ಶೋನಾಗ್.

ಪೈರು ಗೇಣುದ್ದ ಬಂದಾಗ ಮಣ್ಣಿನೊಳಗಿನ ಹುಳ ಎದ್ದಿತು. ಬೇರು ಕಡಿಯಿತು. ಲಾಖ್ಲನ್ ಅಜ್ಜನ ಹೊಲ ಹಳದಿಯಾಯಿತು, ಅದರಾಚೆಯ ಹೊಲವೂ ಹಳದಿಯಾಯಿತು. ಶೋನಾಗ್ ತನ್ನ ಹೊಲಕ್ಕೆ ಓಡಿದಳು.

ಅದು ಹಸಿರಾಗಿಯೇ ಇತ್ತು. ಟಿಟ್ಟಿಭವೂ ನಾಲ್ಕು ಮರಿಗಳೂ ಸಾಲಿನಿಂದ ಸಾಲಿಗೆ ಓಡಾಡಿ ಹುಳ ಹೆಕ್ಕುತ್ತಿದ್ದವು.

"ಈ ಕೆಲಸ ಮಾಡು ಅಂತ ಯಾರು ಹೇಳಿದರೇ ನಿನಗೆ?"

"ಯಾರೂ ಹೇಳಲಿಲ್ಲ. ಹಸಿವಾಗಿತ್ತು ಅಕ್ಕಾ."

ಶೋನಾಗಳಿಗೆ ನಗು ಬಂತು, ಕಣ್ಣೂ ತುಂಬಿತು. ತನ್ನ ಕರಿಟೋಪಿಯ ಅಂಚು ಹರಿದು, ಹಕ್ಕಿಗೊಂದು ಪುಟ್ಟ ಟೋಪಿ ಹೊಲಿದು ತೊಡಿಸಿದಳು. ಟೋಪಿಯ ಹಿಂದೆ ಉಳಿದ ದಾರದ ಎಳೆಯನ್ನು ಗಾಳಿ ಮೇಲಕ್ಕೆ ಬಾಗಿಸಿತು.

ಸುಗ್ಗಿ ಬಂತು. ಶೋನಾಗ್ ಅಜ್ಜನ ಮನೆಗೂ ಒಂದು ಹೊರೆ ಬಾರ್ಲಿ ಹೊತ್ತು ಹಾಕಿದಳು.

"ಹೊಲಕ್ಕೆ ನಿನ್ನ ಹೆಸರೇ ಇಡೋಣಮ್ಮಾ," ಎಂದ ಅಜ್ಜ. "ಒಬ್ಬಳೇ ಬೆಳೆ ಬೆಳೆದೆ."

ಶೋನಾಗ್ ತನ್ನ ಹೆಸರನ್ನು ಒಮ್ಮೆ ಬಾಯಲ್ಲಿ ಹೇಳಿ ನೋಡಿದಳು. ಚೆನ್ನಾಗಿಯೇ ಇತ್ತು. ಆದರೂ ಬೇಡವೆಂದು ತಲೆಯಾಡಿಸಿದಳು.

"ಒಬ್ಬಳೇ ಬೆಳೆಯಲಿಲ್ಲ ಅಜ್ಜಾ. ಆ ಪುಟ್ಟ ಟೋಪಿಯವಳ ಹೆಸರಿಡಿ."

ಗೇಲಿಕ್‌ನಲ್ಲಿ ಅಖ ಎಂದರೆ ಹೊಲ, ಕುರಕಗ್ ಎಂದರೆ ಟೋಪಿಯ ಹಕ್ಕಿ. ಹೊಲದ ಸುತ್ತ ಐದಾರು ಮನೆಗಳೆದ್ದು ಅಖನಕುರಕಗ್ ಎಂಬ ಹಳ್ಳಿಯಾಯಿತು. ಮಗೂ, ಆ ಸೀಮೆಯ ಟಿಟ್ಟಿಭದ ಚಿತ್ರ ನೋಡು: ಒಬ್ಬ ಹಟಮಾರಿ ಹೆಂಗಸಿನ ಋಣ ಇವತ್ತಿಗೂ ಅದರ ತಲೆಯ ಮೇಲೆ ಕರಿಜುಟ್ಟಾಗಿ ನಿಂತಿದೆ.