ಬಲಗೈ ಬರುವ ತನಕ

ತುಂಗಭದ್ರೆಯ ದಡದಲ್ಲಿ ಪಾರ್ಶ್ವವಾಯು ಬಡಿದವರ ಆರೈಕೆಗೆಂದೇ ಒಂದು ಆಸ್ಪತ್ರೆ ಇತ್ತು. ಅಲ್ಲಿನ ಮನಶ್ಶಾಸ್ತ್ರಜ್ಞೆ ಭಾಗೀರಥಮ್ಮ. ಅವರ ಕೈಕೆಳಗೆ ಕೆಲಸ ಕಲಿಯಲು ಬಂದವಳು ಸುಪ್ರಭಾ.

ಅವಳಿಗೆ ವಹಿಸಿದ ಮೊದಲ ರೋಗಿ ಗಜೇಂದ್ರಗಡದ ಇಮಾಮ್‌ಸಾಬ್. ಸಾವಿರ ಜನರ ಮದುವೆಗೆ ಒಬ್ಬನೇ ನಿಂತು ಬಿರಿಯಾನಿ ಇಳಿಸುತ್ತಿದ್ದ ಬಾಣಸಿಗ. ಈಗ ಬಲಗೈ ಮಡಿಲಲ್ಲಿ ಸತ್ತಂತೆ ಬಿದ್ದಿತ್ತು. ಎಡಗೈ ಗಟ್ಟಿಯಾಗಿಯೇ ಇತ್ತು. ಆದರೆ ಅದರಲ್ಲಿ ಅವನು ಒಂದು ಚಮಚವನ್ನೂ ಮುಟ್ಟುತ್ತಿರಲಿಲ್ಲ.

"ಎಡಗೈಲೆ ಉಣ್ಣೂದೇನ್ರಿ? ಛೀ! ಬಲಗೈ ಬರೂ ತನಕ ಕಾಯ್ತೀನಿ."

ಅಲ್ಲಿಯ ತನಕ ಹೆಂಡತಿ ಹುಸೇನ್‌ಬಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದ.

ಒಂದು ದಿನ ಸುಪ್ರಭಾಳ ಮುಂದೆ ಬಿಕ್ಕಿ ಬಿಕ್ಕಿ ಅತ್ತ. "ಬರತೈತಿ, ಹೌದಲ್ಲ ಮಗಳ?"

"ಖಂಡಿತ ಬರುತ್ತೆ," ಎಂದಳು ಅವಳು.

ತಿಂಗಳುಗಳು ಕಳೆದವು. ಆ ಬೆರಳುಗಳು ಇನ್ನು ಸೌಟು ಹಿಡಿಯುವ ಭರವಸೆ ಇಲ್ಲವೆಂದು ವೈದ್ಯರು ಹುಸೇನ್‌ಬಿಗೆ ಹೇಳಿದರು. ಅವನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದ.

ಸುಪ್ರಭಾ ಭಾಗೀರಥಮ್ಮನ ಬಳಿ ಹೋದಳು. ಅವರು ನದಿಯ ಮೆಟ್ಟಿಲ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು.

"ಅಮ್ಮಾ, ಕೈ ಬರುತ್ತೆ ಅಂತ ನಾನೇ ಹೇಳಿಬಿಟ್ಟಿದ್ದೆ."

"ಆ ಮಾತು ಯಾರಿಗೆ ಬೇಕಿತ್ತು?"

"ಅವರಿಗೆ. ಅಷ್ಟು ಅಳುತ್ತಿದ್ದರು. ನನಗೆ ನೋಡೋಕೆ ಆಗಲಿಲ್ಲ."

"ಹಾಗಾದರೆ ಅದು ನೀನು ನಿನಗೇ ಕೊಟ್ಟುಕೊಂಡ ಔಷಧ."

ಸುಪ್ರಭಾ ತಲೆ ತಗ್ಗಿಸಿದಳು. "ನಿಜ ಏನು ಅಂತ ಅವರಿಗೆ ನೀವೇ ಹೇಳಿಬಿಡಿ ಅಮ್ಮಾ."

"ಸುಳ್ಳು ಹೇಳಿದ ಬಾಯೇ ಹೇಳಬೇಕು."

"ಸಿಟ್ಟು ಮಾಡಿಕೊಂಡರೆ?"

"ಮಾಡಿಕೊಳ್ಳಲಿ. ನೀನು ಎದ್ದು ಬರಬೇಡ."

ಮರುದಿನ ಹುಸೇನ್‌ಬಿ ಚಹಾ ತಂದಿಟ್ಟು ನೀರಿಗೆಂದು ಹೊರಗೆ ಹೋದಾಗ ಸುಪ್ರಭಾ ಕುರ್ಚಿ ಎಳೆದುಕೊಂಡು ಕೂತಳು.

"ಅವತ್ತು ನಾನು ಸುಳ್ಳು ಹೇಳಿದೆ, ಚಾಚಾ. ಈ ಕೈ ಮೊದಲಿನ ಹಾಗೆ ಆಗೋದು ಕಷ್ಟ."

ಇಮಾಮ್‌ಸಾಬ್ ಅವಳನ್ನೇ ನೋಡಿದ. "ಮತ್ತ ಇಷ್ಟು ದಿನ ನಾ ಯಾವುದಕ್ಕ ಕಾಯ್ದೆ?"



ಸಂಜೆ ಅವಳು ಮೆಟ್ಟಿಲ ಬಳಿ ಬಂದಾಗ ಬಟ್ಟೆಯ ತುಂಬ ಚಹಾದ ಕಲೆ.

"ಹೇಳಿದೆ, ಅಮ್ಮಾ. ಬಾಯಿಗೆ ಬಂದಂತೆ ಬೈದರು. ಲೋಟ ಎತ್ತಿ ಒಗೆದರು. ನನ್ನ ಕಿವಿಯ ಪಕ್ಕ ಹಾದು ಗೋಡೆಗೆ ಬಡಿಯಿತು."

"ಎದ್ದು ಬಂದೆಯಾ?"

"ಇಲ್ಲ. ಅವರು ಅತ್ತು ಮುಗಿಸೋ ತನಕ ಕೂತಿದ್ದೆ. ಆದರೆ ನಾನು ಈ ಕೆಲಸಕ್ಕೆ ಲಾಯಕ್ಕಲ್ಲ. ಇದ್ದ ಒಂದು ಆಸೆಯನ್ನೂ ಕಿತ್ತುಕೊಂಡೆ."

ಭಾಗೀರಥಮ್ಮ ಮಡಿಲಿನ ಸಿಪ್ಪೆ ಕೊಡವಿದರು.

"ಲೋಟ ಯಾವ ಕೈಯಲ್ಲಿ ಒಗೆದ?"

ಸುಪ್ರಭಾ ಏನೋ ಹೇಳಹೊರಟು ನಿಂತಳು.

"ಎಡಗೈಯಲ್ಲಿ," ಎಂದಳು ನಿಧಾನವಾಗಿ.

"ಹಾಗಾದರೆ ನಾಳೆ ಇನ್ನೊಂದು ಲೋಟ ಚಹಾ ಒಯ್ಯಿ. ಅರ್ಧ ಮಾತ್ರ ತುಂಬು."